ಖಾಕಿ ಅಥವಾ ಕರಿಕೋಟು ಬೇಕು ಅನ್ನುವವರಿಗೆ: 8ನೇ ತರಗತಿಯಿಂದ ಪಿಯುಸಿವರೆಗೆ ಏನೇನು ಮಾಡಬೇಕು?

ಎಸ್‌ಎಸ್‌ಎಲ್‌ಸಿ ಮಕ್ಕಳ ಬೀಳ್ಕೊಡುಗೆಯ ದಿನ ನಾನೊಂದು ಚೀಟಿ ಹಂಚುತ್ತೇನೆ. 'ಮುಂದೆ ಏನಾಗಬೇಕು ಅಂತಿದ್ದೀರಿ?' ಅನ್ನುವುದೊಂದೇ ಪ್ರಶ್ನೆ. ಪೊಲೀಸ್, ಪಿಎಸ್‌ಐ, ಲಾಯರ್, ಜಡ್ಜ್ ಅಂತ ಬರೆಯುವವರು ಸುಮಾರು ಜನ ಇರುತ್ತಾರೆ. ಒಂದು ವರ್ಷ ಚೀಟಿಯ ಹಿಂಬದಿಯಲ್ಲಿ 'ಅದಕ್ಕಾಗಿ ಇಲ್ಲಿಯವರೆಗೆ ಏನು ಮಾಡಿದ್ದೀರಿ?' ಅಂತಲೂ ಕೇಳಿದೆ. ಹಿಂಬದಿ ಬಹುತೇಕ ಖಾಲಿ ಬಂತು. ಒಬ್ಬ ಹುಡುಗ ಮಾತ್ರ 'ಪೊಲೀಸ್ ಕಟಿಂಗ್ ಮಾಡಿಸಿದ್ದೇನೆ ಸಾರ್' ಅಂತ ಬರೆದಿದ್ದ.

ನಾನು ತಾಲ್ಲೂಕಿನ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವನು. ಅಮೆರಿಕದ ಎಷ್ಟೋ ಹೈಸ್ಕೂಲುಗಳಲ್ಲಿ ಕಾನೂನು ಮತ್ತು ಸಾರ್ವಜನಿಕ ಸುರಕ್ಷತೆ ಅಂತಲೇ ಪ್ರತ್ಯೇಕ ಕೋರ್ಸುಗಳಿವೆ. ಅಣಕು ನ್ಯಾಯಾಲಯ, ಅಪರಾಧ ತನಿಖೆಯ ಪಾಠ ಎಲ್ಲಾ ಅದರಲ್ಲೇ ಬರುತ್ತವೆ. ನಮ್ಮ ರಾಜ್ಯ ಪಠ್ಯಕ್ರಮದಲ್ಲಿ ಅಂಥ ಒಂದು ವಿಷಯ ಇಲ್ಲ. ಹಾಗಂತ ಸಾಮಗ್ರಿ ಇಲ್ಲ ಅಂತಲ್ಲ. ಒಂದು ಸಮಾಜ ವಿಜ್ಞಾನದ ಪುಸ್ತಕದಲ್ಲಿದೆ, ಒಂದು ಮೈದಾನದಲ್ಲಿದೆ, ಇನ್ನೊಂದು ಕನ್ನಡದ ಪಿರಿಯಡ್‌ನಲ್ಲಿದೆ, ಮತ್ತೊಂದು ಮುಖ್ಯಶಿಕ್ಷಕರ ಬೀರುವಿನಲ್ಲಿದೆ. ಜೋಡಿಸಿಕೊಳ್ಳುವವರು ನಾವೇ ಆಗಬೇಕು.

ಹೆಜ್ಜೆ 1: ಯಾವ ಬಾಗಿಲು ಅಂತ ಮೊದಲು ನೋಡಿಕೊಳ್ಳಿ

'ಪೊಲೀಸ್ ಆಗಬೇಕು' ಅಂದರೆ ಸಾಲದು. ಒಂದೊಂದು ಹುದ್ದೆಗೆ ಒಂದೊಂದು ಓದು ಬೇಕು.

ಕರ್ನಾಟಕದಲ್ಲಿ ಸಿವಿಲ್ ಪೊಲೀಸ್ ಕಾನ್‌ಸ್ಟೆಬಲ್ ಆಗಲು ಪಿಯುಸಿ ಬೇಕು. ಠಾಣೆಯಲ್ಲಿ ಕೂರುವ, ಬೀಟ್ ಸುತ್ತುವ ಪೊಲೀಸರು ಇವರೇ. ಸಶಸ್ತ್ರ ಮೀಸಲು ಪಡೆ ಮತ್ತು ಕೆಎಸ್‌ಆರ್‌ಪಿಯ (ರಾಜ್ಯ ಮೀಸಲು ಪೊಲೀಸ್) ಕಾನ್‌ಸ್ಟೆಬಲ್ ಹುದ್ದೆಗಳಿಗೆ ಈವರೆಗೆ ಎಸ್‌ಎಸ್‌ಎಲ್‌ಸಿ ಕೇಳುತ್ತಾ ಬಂದಿದ್ದಾರೆ. ಅಗ್ನಿಶಾಮಕ (ಜನ ಫೈರ್‌ಮನ್ ಅನ್ನುವ ಹುದ್ದೆ), ಜೈಲು ವಾರ್ಡರ್ ಹುದ್ದೆಗಳಿಗೂ ಹಾಗೇ. ಪಿಎಸ್‌ಐ ಆಗಲು ಯಾವುದಾದರೂ ಒಂದು ಪದವಿ ಇರಬೇಕು. ವಕೀಲರಾಗಲು ಪಿಯುಸಿ ಆದಮೇಲೆ 5 ವರ್ಷದ ಕಾನೂನು ಪದವಿ ಮಾಡಬಹುದು, ಇಲ್ಲವೇ ಬೇರೆ ಡಿಗ್ರಿ ಮುಗಿಸಿ 3 ವರ್ಷದ ಎಲ್‌ಎಲ್‌ಬಿ ಮಾಡಬಹುದು. ಬಿಎಸ್‌ಎಫ್, ಸಿಆರ್‌ಪಿಎಫ್‌ನಂಥ ಕೇಂದ್ರ ಪಡೆಗಳ ಕಾನ್‌ಸ್ಟೆಬಲ್ ಹುದ್ದೆಗೆ ಎಸ್‌ಎಸ್‌ಸಿ (ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ) ನಡೆಸುವ ಜಿಡಿ ಪರೀಕ್ಷೆ ಇದೆ. ಅದಕ್ಕೆ 10ನೇ ತರಗತಿ ಸಾಕು. 2024ರಿಂದ ಅದನ್ನು ಕನ್ನಡದಲ್ಲೇ ಬರೆಯಬಹುದು. ಇದು ದೊಡ್ಡ ಬದಲಾವಣೆ. ಇನ್ನೂ ಎಷ್ಟೋ ಮನೆಗಳಿಗೆ ಈ ಸುದ್ದಿ ಮುಟ್ಟಿಲ್ಲ.

ಮಕ್ಕಳು ಮರೆತೇಬಿಡುವ ಬಾಗಿಲುಗಳು ಎರಡಿವೆ. ಒಂದು ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ. ಬೆಂಕಿ ಆರಿಸುವುದು ಅದರ ಕೆಲಸದಲ್ಲಿ ಒಂದು ಪಾಲು ಅಷ್ಟೇ. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟಡ ಕುಸಿದಾಗ ಅವಶೇಷದ ಅಡಿಯಿಂದ ಜನರನ್ನು ಹೊರತೆಗೆದವರಲ್ಲಿ ಈ ಸಿಬ್ಬಂದಿಯೂ ಇದ್ದರು. ಇನ್ನೊಂದು ವಿಧಿವಿಜ್ಞಾನ, ಅಂದರೆ ಫೊರೆನ್ಸಿಕ್. 7 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇರುವ ಅಪರಾಧಗಳಲ್ಲಿ ಫೊರೆನ್ಸಿಕ್ ತಜ್ಞರು ಸ್ಥಳಕ್ಕೇ ಬಂದು ಸಾಕ್ಷ್ಯ ಸಂಗ್ರಹಿಸಬೇಕು ಅಂತ ಹೊಸ ಕ್ರಿಮಿನಲ್ ಕಾನೂನು ಹೇಳುತ್ತದೆ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯಕ್ಕೆ ಧಾರವಾಡದಲ್ಲೇ ಕ್ಯಾಂಪಸ್ ಇದೆ. ವಿಜ್ಞಾನ ಇಷ್ಟ ಇದೆ, ಡಾಕ್ಟರ್ ಎಂಜಿನಿಯರ್ ಬೇಡ ಅನ್ನುವ ಮಗು ಮನೆಯಲ್ಲಿದ್ದರೆ ಇದನ್ನು ಒಮ್ಮೆ ನೋಡಿ.

ಹೆಜ್ಜೆ 2: ಶಾಲೆಯಲ್ಲಿ ಏನಿದೆಯೋ ಅದನ್ನು ಬಿಡಬೇಡಿ

8ನೇ ತರಗತಿಗೆ ಬಂದ ಕೂಡಲೇ ಕೇಳಬೇಕಾದ ಮೊದಲ ಪ್ರಶ್ನೆ: ನಮ್ಮ ಶಾಲೆಯಲ್ಲಿ ಎನ್‌ಸಿಸಿ ಇದೆಯಾ? ಇದ್ದರೆ ಕಿರಿಯರ ವಿಭಾಗಕ್ಕೆ ಆಗಲೇ ಸೇರಿಕೊಳ್ಳಬೇಕು. 2 ವರ್ಷ ಪರೇಡ್ ಮಾಡಿ, ಶಿಬಿರಕ್ಕೆ ಹೋಗಿ ಬಂದರೆ 'ಎ' ಸರ್ಟಿಫಿಕೇಟ್ ಪರೀಕ್ಷೆ ಬರೆಯಬಹುದು. 10ನೇ ತರಗತಿಯಲ್ಲಿ ಎಚ್ಚರಾದರೆ ಆ 2 ವರ್ಷ ಸಿಗುವುದಿಲ್ಲ. ಎಸ್‌ಎಸ್‌ಸಿ ಜಿಡಿ ಪರೀಕ್ಷೆಯಲ್ಲಿ 'ಎ' ಸರ್ಟಿಫಿಕೇಟ್ ಇದ್ದವರಿಗೆ ಗರಿಷ್ಠ ಅಂಕದ ಶೇ 2ರಷ್ಟು, 'ಬಿ'ಗೆ ಶೇ 3, 'ಸಿ'ಗೆ ಶೇ 5 ಹೆಚ್ಚುವರಿ ಅಂಕ ಕೊಡುತ್ತಾರೆ. 160 ಅಂಕದ ಪರೀಕ್ಷೆಯಲ್ಲಿ 'ಸಿ' ಅಂದರೆ 8 ಅಂಕ. ಅರ್ಧ ಅಂಕಕ್ಕೆ ಕೆಲಸ ತಪ್ಪಿಸಿಕೊಂಡವರನ್ನು ಕಂಡವರಿಗೆ ಈ 8ರ ಬೆಲೆ ಗೊತ್ತು.

ಎನ್‌ಸಿಸಿ ಇಲ್ಲದ ಕೆಲವು ಸರ್ಕಾರಿ ಶಾಲೆಗಳಲ್ಲಿ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಯೋಜನೆ ಇದೆ. 2010ರಲ್ಲಿ ಕೇರಳದಲ್ಲಿ ಶುರುವಾಗಿ, 2018ರಲ್ಲಿ ಇಡೀ ದೇಶಕ್ಕೆ ಬಂದದ್ದು ಇದು. 8 ಮತ್ತು 9ನೇ ತರಗತಿಯವರಿಗೆ. ಸಂಚಾರ ನಿಯಮ, ಮಕ್ಕಳ ಹಕ್ಕು, ಮಹಿಳಾ ಸುರಕ್ಷತೆ, ಭ್ರಷ್ಟಾಚಾರ ತಡೆಯಂಥ ವಿಷಯಗಳ ಜೊತೆಗೆ ಹೊರಗಿನ ಚಟುವಟಿಕೆಗಳೂ ಇರುತ್ತವೆ. ಸಿಬಿಎಸ್‌ಇ ಶಾಲೆಯವರಾದರೆ 9, 10ಕ್ಕೆ 'ಸೆಕ್ಯುರಿಟಿ' ಅನ್ನುವ ಕೌಶಲ ವಿಷಯ, 11, 12ಕ್ಕೆ 'ಲೀಗಲ್ ಸ್ಟಡೀಸ್' ಪಟ್ಟಿಯಲ್ಲಿವೆ. ಪಟ್ಟಿಯಲ್ಲಿದ್ದರೂ ಕಲಿಸುವ ಶಾಲೆ ಹುಡುಕಬೇಕಾಗುತ್ತದೆ, ಅದು ಬೇರೆ ಮಾತು.

ಎನ್‌ಸಿಸಿ, ಪೊಲೀಸ್ ಕೆಡೆಟ್ ಎರಡೂ ಇಲ್ಲದ ಶಾಲೆಯವರು ಬೇಜಾರು ಮಾಡಿಕೊಳ್ಳಬೇಕಿಲ್ಲ. ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸುತ್ತವೆ. ಅಲ್ಲಿ ಎದ್ದು ನಿಂತು 'ನಮ್ಮ ಶಾಲೆ ಮುಂದಿನ ರಸ್ತೆಗೆ ಹಂಪ್ ಹಾಕಿಸಿ' ಅಂತ ಅಧ್ಯಕ್ಷರ ಮುಖ ನೋಡಿ ಕೇಳಿ. ಕೈಕಾಲು ನಡುಗುತ್ತದೆ. ನಡುಗಲಿ. ಮುಂದೆ ನ್ಯಾಯಾಧೀಶರ ಎದುರು ನಿಂತಾಗ ಅಷ್ಟು ನಡುಗುವುದಿಲ್ಲ.

ಹೆಜ್ಜೆ 3: ಬರೆಯುವುದನ್ನು ಕಲಿಯಿರಿ (ನನ್ನ ಪ್ರಕಾರ ಇದೇ ಮುಖ್ಯ)

ಪೊಲೀಸ್ ಕೆಲಸ ಅಂದರೆ ಓಡುವುದು, ಹಿಡಿಯುವುದು ಅಂತ ಹುಡುಗರು ಅಂದುಕೊಂಡಿರುತ್ತಾರೆ. ಠಾಣೆಗೆ ಹೋಗಿ ನೋಡಿದರೆ ಎಲ್ಲರೂ ಬರೆಯುತ್ತಾ ಕೂತಿರುತ್ತಾರೆ. ದೂರು, ಎಫ್‌ಐಆರ್, ಸ್ಟೇಷನ್ ಡೈರಿ, ಮಹಜರು (ಸ್ಥಳದಲ್ಲಿ ಕಂಡದ್ದನ್ನು ಸಾಕ್ಷಿಗಳ ಎದುರು ಬರೆದಿಡುವ ದಾಖಲೆ), ಸಾಕ್ಷಿಗಳ ಹೇಳಿಕೆ, ಕೊನೆಗೆ ದೋಷಾರೋಪ ಪಟ್ಟಿ. ಠಾಣೆಯಲ್ಲಿ 'ರೈಟರ್' ಅಂತಲೇ ಒಬ್ಬರಿರುತ್ತಾರೆ. ಒಳ್ಳೆಯ ರೈಟರ್ ಇದ್ದರೆ ಇನ್‌ಸ್ಪೆಕ್ಟರ್ ಅರ್ಧ ನಿಶ್ಚಿಂತೆ. ವಕೀಲರದ್ದೂ ಬರೆಯುವ ಬದುಕೇ. ಪಿಎಸ್‌ಐ ಪರೀಕ್ಷೆಯಲ್ಲಿ ಮೊದಲ ಪತ್ರಿಕೆ 50 ಅಂಕಕ್ಕೆ ಇರುತ್ತದೆ. ಅದರಲ್ಲಿರುವುದು ಪ್ರಬಂಧ, ಸಂಕ್ಷೇಪಿಸಿ ಬರೆಯುವುದು, ಕನ್ನಡದಿಂದ ಇಂಗ್ಲಿಷಿಗೆ ಮತ್ತು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ. ಗೈಡ್ ಕಂಠಪಾಠ ಮಾಡಿದವರು ಮುಗ್ಗರಿಸುವುದು ಇಲ್ಲೇ.

ನಾನು ತರಗತಿಯಲ್ಲಿ ಮಾಡಿಸುವ ಒಂದು ಅಭ್ಯಾಸ ಹೇಳುತ್ತೇನೆ. ಮನೆಯಲ್ಲೂ ಮಾಡಬಹುದು.

ಒಂದು ಸೋಮವಾರ ಬಂದು ನೋಡಿದರೆ 9ನೇ ತರಗತಿ ಕೋಣೆಯ ಕಿಟಕಿ ಗಾಜು ಒಡೆದಿತ್ತು. ಬೈಯುವ ಬದಲು, 'ಎಲ್ಲರೂ ಸ್ಥಳ ಮಹಜರು ಬರೆಯಿರಿ' ಅಂದೆ. ಹೆಚ್ಚಿನವರು ಹೀಗೆ ಬರೆದರು: 'ಯಾರೋ ಕಿಡಿಗೇಡಿಗಳು ಭಾನುವಾರ ಶಾಲೆಗೆ ನುಗ್ಗಿ ಕಲ್ಲು ಹೊಡೆದು ಗಾಜು ಒಡೆದಿರುತ್ತಾರೆ.' ಕೇಳಲು ಚೆನ್ನಾಗಿದೆ. ಆದರೆ ಕಿಡಿಗೇಡಿಗಳನ್ನು ಇವರು ಕಂಡಿದ್ದಾರಾ? ಭಾನುವಾರ ಅಂತ ಹೇಗೆ ಗೊತ್ತಾಯಿತು? ಕಲ್ಲು ಎಲ್ಲಿದೆ? ಮಹಜರಿನಲ್ಲಿ ಕಣ್ಣಿಗೆ ಕಂಡದ್ದು ಇರಬೇಕು, ಮನಸ್ಸಿಗೆ ಹೊಳೆದದ್ದು ಇರಬಾರದು.

ಎರಡನೇ ಸಲ ಬರೆಯಲು ಹೇಳಿದೆ. ಈ ಸಲ ಒಂದು ಪಟ್ಟಿ ಕೊಟ್ಟೆ. ದಿನಾಂಕ, ಶುರು ಮಾಡಿದ ಸಮಯ. ಸ್ಥಳದ ಚಕ್ಕುಬಂದಿ, ಅಂದರೆ ಪೂರ್ವಕ್ಕೆ ಏನಿದೆ, ಪಶ್ಚಿಮಕ್ಕೆ, ಉತ್ತರಕ್ಕೆ, ದಕ್ಷಿಣಕ್ಕೆ ಏನಿದೆ. ಒಡೆದ ಗಾಜು ಯಾವ ಗೋಡೆಯ ಎಷ್ಟನೇ ಕಿಟಕಿಯದ್ದು, ನೆಲದಿಂದ ಎಷ್ಟು ಎತ್ತರದಲ್ಲಿದೆ. ಚೂರುಗಳು ಎಲ್ಲೆಲ್ಲಿ ಬಿದ್ದಿವೆ. ಕೈಯಲ್ಲಿ ಬಿಡಿಸಿದ ಒಂದು ನಕ್ಷೆ. ಕೊನೆಗೆ ಮುಗಿಸಿದ ಸಮಯ, ಇಬ್ಬರು ಪಂಚರ, ಅಂದರೆ ಮಹಜರಿಗೆ ಸಾಕ್ಷಿಯಾದವರ ಸಹಿ.

ಒಬ್ಬಳು ಹುಡುಗಿ ಸ್ಕೇಲ್ ಹಿಡಿದು ಹೊರಗೆ ಹೋದಳು. 'ಒಳಗೆ ಐದಾರು ಸಣ್ಣ ಚೂರು ಇವೆ. ಉಳಿದೆಲ್ಲಾ ಹೊರಗಡೆ ಜಗುಲಿಯ ಮೇಲೆ ಬಿದ್ದಿವೆ' ಅಂತ ಬರೆದಳು. ಅಷ್ಟೇ. ಬೇರೇನೂ ಬರೆಯಲಿಲ್ಲ. ಓದಿ ಹೇಳಿದ ಕೂಡಲೇ ಇಡೀ ತರಗತಿ ತಣ್ಣಗಾಯಿತು. ಚೂರು ಹೊರಗೆ ಜಾಸ್ತಿ ಬಿದ್ದಿದ್ದರೆ ಪೆಟ್ಟು ಒಳಗಿನಿಂದ ಬಿದ್ದಿರಬೇಕು, ಅಲ್ವಾ? ಹಿಂದಿನ ಬೆಂಚಿನಲ್ಲಿ ಇಬ್ಬರು ತಲೆ ತಗ್ಗಿಸಿದರು. ಶನಿವಾರ ಬೆಲ್ ಹೊಡೆದ ಮೇಲೆ ಕೋಣೆಯಲ್ಲೇ ಕ್ರಿಕೆಟ್ ಆಡಿದ್ದರಂತೆ. ಆಮೇಲೆ ಅದೇ ಮಹಜರು ಇಟ್ಟುಕೊಂಡು ಅಣಕು ನ್ಯಾಯಾಲಯ ನಡೆಸಿದೆವು. ಒಬ್ಬ ಸಾಕ್ಷಿಯ ಮುಖ್ಯ ವಿಚಾರಣೆ ಮಾಡಿದ, ಇನ್ನೊಬ್ಬ ಪಾಟಿ ಸವಾಲಿಗೆ ನಿಂತ. 'ನೀವು ಚೂರು ಎಣಿಸಿದ್ದೀರಾ?' ಅಂತ ಕೇಳಿದ. ಆ ಹುಡುಗಿ 'ಇಲ್ಲ, ಆದರೆ ಅಳತೆ ಬರೆದಿದ್ದೇನೆ' ಅಂದಳು. ನಾನು ಕಲಿಸಿದ ಮಾತಲ್ಲ ಅದು.

ವಾರಕ್ಕೊಂದು ಮಹಜರು ಬರೆಯಿರಿ. ಸೈಕಲ್ ನಿಲ್ಲಿಸುವ ಜಾಗ, ಬಸ್ ಸ್ಟಾಪು, ಅಡುಗೆಮನೆ ಯಾವುದಾದರೂ ಆದೀತು. 15 ನಿಮಿಷದ ಕೆಲಸ. ಈಗ ಹೊಸ ಕಾನೂನಿನಲ್ಲಿ ಶೋಧ, ಜಪ್ತಿ ಮಾಡುವಾಗ ವಿಡಿಯೋ ಕೂಡ ತೆಗೆಯಬೇಕು. ಹಾಗಾಗಿ ಬರಹ ಒಂದು, ವಿಡಿಯೋ ಇನ್ನೊಂದು ಹೇಳಿದರೆ ಕೋರ್ಟಿನಲ್ಲಿ ಸಿಕ್ಕಿಬೀಳುತ್ತಾರೆ.

ಇನ್ನೊಂದು ಮಾತು. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಕಾಯ್ದೆ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿವೆ. ಅಣ್ಣಂದಿರ ಹಳೇ ಪುಸ್ತಕ ಓದಬೇಡಿ. ಕೊಲೆಗೆ 302 ಅಂತ ಬರೆದರೆ ಈಗ ತಪ್ಪು, ಅದು 103. ಮೋಸಗಾರನನ್ನು ನಾವು 'ಫೋರ್ ಟ್ವೆಂಟಿ' ಅಂತ ಬೈಯುತ್ತೇವಲ್ಲ, ಆ 420 ಕೂಡ ಈಗ 318 ಆಗಿದೆ. ಬೈಗುಳ ಮಾತ್ರ ತಿದ್ದುಪಡಿ ಆಗಿಲ್ಲ.

ಹೆಜ್ಜೆ 4: ಕೋರ್ಟು, ಠಾಣೆ ಕಣ್ಣಾರೆ ನೋಡಿ

ಸಿನಿಮಾದ ಕೋರ್ಟಿಗೂ ತಾಲ್ಲೂಕು ಕೋರ್ಟಿಗೂ ಸಂಬಂಧ ಇಲ್ಲ. ಕೋರ್ಟು ಸಾಮಾನ್ಯವಾಗಿ ಎಲ್ಲರಿಗೂ ತೆರೆದೇ ಇರುತ್ತದೆ. ಪೋಕ್ಸೊದಂಥ (ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಕಾಯ್ದೆ) ಕೆಲವು ಪ್ರಕರಣಗಳಿಗೆ ಮಾತ್ರ ಬಾಗಿಲು ಮುಚ್ಚುತ್ತಾರೆ. ರಜೆಯಲ್ಲಿ ಒಂದು ದಿನ ದೊಡ್ಡವರೊಬ್ಬರ ಜೊತೆ ಹೋಗಿ ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ. ಮೊಬೈಲ್ ಆಫ್ ಮಾಡಿ. ನ್ಯಾಯಾಧೀಶರು ಬಂದಾಗ ಎದ್ದು ನಿಲ್ಲಿ. ಬೆಳಗ್ಗೆ ಹೊತ್ತು ಕೇಸುಗಳನ್ನು ಒಂದಾದ ಮೇಲೊಂದು ಕೂಗುತ್ತಾರೆ. ಎಷ್ಟೋ ಕೇಸುಗಳಿಗೆ ವಾಯಿದೆ ಬೀಳುತ್ತದೆ. 'ಇಷ್ಟೇನಾ?' ಅನ್ನಿಸುತ್ತದೆ. ಹೌದು, ಬಹಳ ಸಲ ಇಷ್ಟೇ. ಈ ತಾಳ್ಮೆ ನನಗಿದೆಯಾ ಅಂತ 15ನೇ ವಯಸ್ಸಿನಲ್ಲೇ ಗೊತ್ತಾದರೆ ಒಳ್ಳೆಯದಲ್ವಾ?

ಸಾಕ್ಷಿ ಹೇಳಿಕೆ ನಡೆಯುವ ಕೋಣೆ ಸಿಕ್ಕರೆ ಬಿಡಬೇಡಿ. ಕೆಳ ನ್ಯಾಯಾಲಯಗಳಲ್ಲಿ ಮಾತುಕತೆ ಕನ್ನಡದಲ್ಲೇ ಕೇಳುತ್ತದೆ. ಹೈಕೋರ್ಟಿನದ್ದು ಇಂಗ್ಲಿಷ್. ಕರ್ನಾಟಕ ಹೈಕೋರ್ಟಿನ ಕಲಾಪ ಯೂಟ್ಯೂಬ್‌ನಲ್ಲಿ ನೇರ ಪ್ರಸಾರ ಆಗುತ್ತದೆ. ಆದರೆ ಅದನ್ನು ಕತ್ತರಿಸಿ ರೀಲ್ಸ್ ಮಾಡಿ ಹಾಕಲು ಹೋಗಬೇಡಿ, ಕೋರ್ಟು ಅದಕ್ಕೆ ಒಪ್ಪುವುದಿಲ್ಲ.

ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟರು ಮುಂತಾದವರಿಗೆ ಉಚಿತ ವಕೀಲರನ್ನು ಕೊಡುವವರು ಇವರು. ಶಾಲೆಗೆ ಬಂದು ಕಾನೂನು ಅರಿವು ಕಾರ್ಯಕ್ರಮವನ್ನೂ ನಡೆಸುತ್ತಾರೆ. ಮುಖ್ಯಶಿಕ್ಷಕರಿಂದ ಒಂದು ಪತ್ರ ಹೋದರೆ ಸಾಕು. ಪೊಲೀಸ್ ಇಲಾಖೆಯವರದ್ದು 'ತೆರೆದ ಮನೆ' ಅಂತ ಕಾರ್ಯಕ್ರಮ ಇದೆ, ಮಕ್ಕಳನ್ನು ಠಾಣೆಗೆ ಕರೆದು ತೋರಿಸುತ್ತಾರೆ. ಹೋದಾಗ ಲಾಕಪ್ ನೋಡಿ ಫೋಟೋ ಅಂತ ಕುಣಿಯಬೇಡಿ. ರೈಟರ್ ಪಕ್ಕ ನಿಂತು ಒಂದು ದೂರು ಹೇಗೆ ಎಫ್‌ಐಆರ್ ಆಗುತ್ತದೆ ಅಂತ ಕೇಳಿ.

ಹೆಜ್ಜೆ 5: ಪಿಯುಸಿ ಆಯ್ಕೆ

ಇಲ್ಲಿ ಅಪ್ಪ ಅಮ್ಮಂದಿರ ಗಲಿಬಿಲಿ ಜಾಸ್ತಿ. ಕಾನೂನು ಓದಲು ಇಂಥದ್ದೇ ಕಾಂಬಿನೇಷನ್ ಬೇಕು ಅಂತ ನಿಯಮ ಇಲ್ಲ. ಸೈನ್ಸ್, ಕಾಮರ್ಸ್, ಆರ್ಟ್ಸ್ ಮೂರೂ ನಡೆಯುತ್ತವೆ. ಕಾನ್‌ಸ್ಟೆಬಲ್ ಹುದ್ದೆಗೂ ಹಾಗೇ.

ಆದರೂ ನನ್ನ ಅಭಿಪ್ರಾಯ ಕೇಳಿದರೆ, ಪೊಲೀಸ್, ಕಾನೂನು ಇವೆರಡರಲ್ಲಿ ಒಂದು ಖಚಿತ ಅಂತಾದವರಿಗೆ ಆರ್ಟ್ಸ್‌ನಲ್ಲಿ ಎಚ್‌ಇಪಿಎಸ್ ಒಳ್ಳೆಯದು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಪೊಲೀಸ್ ಪರೀಕ್ಷೆಯ ಸಾಮಾನ್ಯ ಜ್ಞಾನದಲ್ಲಿ ಬರುವ ಎಷ್ಟೋ ಪ್ರಶ್ನೆ ಈ ನಾಲ್ಕು ಪುಸ್ತಕಗಳಿಂದಲೇ ಬರುತ್ತವೆ. 'ಮಾರ್ಕ್ಸ್ ಚೆನ್ನಾಗಿದೆ, ಆರ್ಟ್ಸ್ ಯಾಕೆ?' ಅಂತ ನೆಂಟರು ಕೇಳೇ ಕೇಳುತ್ತಾರೆ. ಕೇಳಲಿ ಬಿಡಿ. ಸುಮ್ನೆ ಸೈನ್ಸ್ ತೆಗೆದುಕೊಂಡು ಫಿಸಿಕ್ಸ್ ಜೊತೆ ಗುದ್ದಾಡಿ, 2 ವರ್ಷ ಆದಮೇಲೆ ಶೇ 45 ಕೂಡ ಬರದೆ ಕಾನೂನು ಕಾಲೇಜಿನ ಬಾಗಿಲಲ್ಲಿ ನಿಂತ ಮಕ್ಕಳನ್ನು ನಾನು ನೋಡಿದ್ದೇನೆ.

ಫೊರೆನ್ಸಿಕ್ ಬೇಕಾದವರಿಗೆ ಮಾತ್ರ ಸೈನ್ಸ್ ಕಡ್ಡಾಯ. ಸೈಬರ್ ಅಪರಾಧ, ಹಣಕಾಸು ವಂಚನೆಗಳ ಕಡೆ ಆಸಕ್ತಿ ಇದ್ದರೆ ಅಕೌಂಟೆನ್ಸಿ, ಕಂಪ್ಯೂಟರ್ ಸೈನ್ಸ್ ಇರುವ ಕಾಮರ್ಸ್ ಕೂಡ ಉಪಯೋಗಕ್ಕೆ ಬರುತ್ತದೆ. ಶಿವಮೊಗ್ಗದಲ್ಲಿ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ಕ್ಯಾಂಪಸ್ ಇದೆ. ಪೊಲೀಸ್ ಆಡಳಿತ, ಭದ್ರತೆಗೆ ಸಂಬಂಧಿಸಿದ ಕೋರ್ಸುಗಳಿಗಾಗಿಯೇ ಇರುವ ವಿಶ್ವವಿದ್ಯಾಲಯ ಅದು. ಪಿಯುಸಿ ಮುಗಿಯುವ ಹೊತ್ತಿಗೆ ಅದರ ಪ್ರವೇಶ ಪ್ರಕಟಣೆ ಮೇಲೆ ಕಣ್ಣಿಡಿ.

ಹೆಜ್ಜೆ 6: ಲಾಯರ್ ಆಗುವವರಿಗೆ ಎರಡು ದಾರಿ

ಒಂದು ಕ್ಲಾಟ್ ದಾರಿ. ಬೆಂಗಳೂರಿನ ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲ್ ಸೇರಿ ದೇಶದ 20ಕ್ಕೂ ಹೆಚ್ಚು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಇದೊಂದೇ ಪರೀಕ್ಷೆ. 120 ಪ್ರಶ್ನೆ, 2 ಗಂಟೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನು ತರ್ಕ, ತಾರ್ಕಿಕ ಆಲೋಚನೆ, ಒಂದಿಷ್ಟು ಲೆಕ್ಕ. ಕಾನೂನು ಮೊದಲೇ ಗೊತ್ತಿರಬೇಕಿಲ್ಲ. ಒಂದು ಉದ್ದನೆಯ ಪ್ಯಾರಾ ಕೊಟ್ಟು, ಅದನ್ನು ಓದಿ ಉತ್ತರಿಸಿ ಅನ್ನುತ್ತಾರೆ. ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ. ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ಕಷ್ಟ, ಸುಳ್ಳು ಹೇಳಿ ಉಬ್ಬಿಸುವುದಿಲ್ಲ. ಆದರೆ 9ನೇ ತರಗತಿಯಿಂದ ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯ ಓದಿ, ಅದರ ಸಾರವನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದರೆ 3 ವರ್ಷದಲ್ಲಿ ದಾರಿ ಸಲೀಸಾಗುತ್ತದೆ. ಪಿಎಸ್‌ಐ ಅನುವಾದಕ್ಕೂ ಇದೇ ಅಭ್ಯಾಸ ಆಗಿಬರುತ್ತದೆ. ಪರೀಕ್ಷೆ ಈಗ ಡಿಸೆಂಬರ್‌ನಲ್ಲೇ ನಡೆಯುತ್ತದೆ, ಅಂದರೆ ದ್ವಿತೀಯ ಪಿಯುಸಿ ಪರೀಕ್ಷೆಗಿಂತ ಮೊದಲು. 'ಪಿಯುಸಿ ಮುಗಿಯಲಿ, ಆಮೇಲೆ ನೋಡೋಣ' ಅಂದವರ ಒಂದು ವರ್ಷ ಹೋಯಿತು ಅಂತಲೇ ಲೆಕ್ಕ.

ಇನ್ನೊಂದು ನಮ್ಮೂರಿನ ದಾರಿ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳು ರಾಜ್ಯದ ಉದ್ದಕ್ಕೂ ಇವೆ. ಇಲ್ಲಿ 5 ವರ್ಷದ ಕೋರ್ಸಿಗೆ ಪಿಯುಸಿ ಅಂಕ ನೋಡಿ ಸೇರಿಸಿಕೊಳ್ಳುತ್ತಾರೆ. ಸಾಮಾನ್ಯ ವರ್ಗಕ್ಕೆ ಶೇ 45, ಹಿಂದುಳಿದ ವರ್ಗಕ್ಕೆ 42, ಪರಿಶಿಷ್ಟರಿಗೆ 40 ಬೇಕು. ಈ ಕಾಲೇಜುಗಳಿಂದ ಬಂದು ತಾಲ್ಲೂಕು ಕೋರ್ಟಿನಲ್ಲಿ ದಿನವೂ ಕರಿಕೋಟು ಹಾಕಿ ಕೇಸು ನಡೆಸುವವರೇ ನಮ್ಮ ಸುತ್ತ ಇರುವ ಹೆಚ್ಚಿನ ವಕೀಲರು. ಹಾಗಾಗಿ ಕ್ಲಾಟ್ ಆಗಲಿಲ್ಲ ಅಂತ ಕನಸು ಕಟ್ಟಿಡಬೇಡಿ.

ಡಿಗ್ರಿ ಆದಮೇಲೆ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ಈ ನೋಂದಣಿ ಶುಲ್ಕ ಸಾಮಾನ್ಯರಿಗೆ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ ಮೀರಬಾರದು ಅಂತ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾಗಬೇಕು. ಜಡ್ಜ್ ಆಗುವ ಆಸೆ ಇದ್ದವರಿಗೆ ಒಂದು ಮುಖ್ಯ ಸುದ್ದಿ: ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಅರ್ಜಿ ಹಾಕಲು ಕನಿಷ್ಠ 3 ವರ್ಷ ವಕೀಲಿಕೆ ಮಾಡಿರಬೇಕು ಅಂತ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. 18ಕ್ಕೆ ಕಾಲೇಜು ಸೇರಿದರೆ 26ರ ಹೊತ್ತಿಗೆ ಅರ್ಜಿ. ಮನೆಯವರು ಈ ಲೆಕ್ಕ ಈಗಲೇ ಹಾಕಿಕೊಳ್ಳಲಿ.

ಹೆಜ್ಜೆ 7: ಓಟ

ಈವರೆಗಿನ ಕಾನ್‌ಸ್ಟೆಬಲ್ ಅಧಿಸೂಚನೆಗಳಲ್ಲಿ ಗಂಡು ಮಕ್ಕಳಿಗೆ 168 ಸೆಂ.ಮೀ. ಎತ್ತರ, ಪೂರ್ತಿ ಉಸಿರೆಳೆದಾಗ 86 ಸೆಂ.ಮೀ. ಎದೆ ಸುತ್ತಳತೆ, ಅದರಲ್ಲಿ ಕನಿಷ್ಠ 5 ಸೆಂ.ಮೀ. ಹಿಗ್ಗಿದ್ದಿರಬೇಕು. ಹೆಣ್ಣು ಮಕ್ಕಳಿಗೆ 157 ಸೆಂ.ಮೀ. ಎತ್ತರ, 45 ಕೆ.ಜಿ. ತೂಕ. ಗಂಡು ಮಕ್ಕಳು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ, ಹೆಣ್ಣು ಮಕ್ಕಳು 400 ಮೀಟರನ್ನು 2 ನಿಮಿಷದಲ್ಲಿ ಓಡಬೇಕು. ಜೊತೆಗೆ ಉದ್ದ ಜಿಗಿತ ಅಥವಾ ಎತ್ತರ ಜಿಗಿತ, ಮತ್ತೆ ಗುಂಡು ಎಸೆತ.

ಶಾಲೆಯ ಮೈದಾನದಲ್ಲಿ ಸಾಮಾನ್ಯವಾಗಿ 200 ಮೀಟರ್ ಟ್ರ್ಯಾಕ್ ಇರುತ್ತದೆ. 1600 ಅಂದರೆ 8 ಸುತ್ತು. ಸುತ್ತಿಗೆ 48 ಸೆಕೆಂಡು ಇಟ್ಟುಕೊಂಡರೆ ಮುಗಿಯಿತು. ಮಕ್ಕಳು ಮಾಡುವ ತಪ್ಪು ಒಂದೇ. ಮೊದಲ ಸುತ್ತನ್ನು 35 ಸೆಕೆಂಡಿನಲ್ಲಿ ಓಡಿ, ಐದನೇ ಸುತ್ತಿಗೆ ಪಕ್ಕೆ ಹಿಡಿದುಕೊಂಡು ನಿಲ್ಲುತ್ತಾರೆ. ಗೆಳೆಯನೊಬ್ಬ ವಾಚ್ ಹಿಡಿದು ಪ್ರತಿ ಸುತ್ತಿಗೂ ಸೆಕೆಂಡು ಕೂಗಲಿ. ಮೊದಲ ತಿಂಗಳು 4 ಸುತ್ತು ಸಾಕು, ಆದರೆ ಪ್ರತಿ ಸುತ್ತೂ ಒಂದೇ ವೇಗದಲ್ಲಿರಬೇಕು. ಆಮೇಲೆ 15 ದಿನಕ್ಕೊಂದು ಸುತ್ತು ಸೇರಿಸಿ. ಕೇಂದ್ರ ಪಡೆ ಬೇಕಾದ ಹುಡುಗರಿಗೆ 24 ನಿಮಿಷದಲ್ಲಿ 5 ಕಿ.ಮೀ. ಇದೆ, ಹುಡುಗಿಯರಿಗೆ ಎಂಟೂವರೆ ನಿಮಿಷದಲ್ಲಿ 1.6 ಕಿ.ಮೀ. ಅವರು ಪಿಯುಸಿಗೆ ಬಂದಮೇಲೆ ದೂರ ಹೆಚ್ಚಿಸಲಿ.

7.26 ಕೆ.ಜಿ. ಗುಂಡನ್ನು 15ರ ಹುಡುಗರು ಎಸೆಯುವುದು ಬೇಡ. ಭುಜ ಹಾಳಾಗುತ್ತದೆ. ಈ ವಯಸ್ಸಿಗೆ 5 ಕೆ.ಜಿ. ಸಾಕು, ಹುಡುಗಿಯರಿಗೆ 3 ಕೆ.ಜಿ. ಎತ್ತರ ಹೆಚ್ಚಿಸುವ ಪೌಡರಿಗೆ ದುಡ್ಡು ಸುರಿಯಬೇಡಿ. ಇನ್ನು ಬಣ್ಣ ಗುರುತಿಸುವ ಕಣ್ಣಿನ ಪರೀಕ್ಷೆಯನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಈಗಲೇ ಮಾಡಿಸಿ. ಎಲ್ಲಾ ಪಾಸಾಗಿ ಕೊನೆಗೆ ವೈದ್ಯಕೀಯ ಪರೀಕ್ಷೆಯಲ್ಲಿ ಬಣ್ಣಗುರುಡು ಅಂತ ಗೊತ್ತಾಗುವುದಕ್ಕಿಂತ ಕ್ರೂರವಾದದ್ದು ಇನ್ನೊಂದಿಲ್ಲ. ಮೊದಲೇ ಗೊತ್ತಾದರೆ ಕಾನೂನಿನ ದಾರಿ ತೆರೆದೇ ಇದೆಯಲ್ಲ.

ಅಂದ ಹಾಗೆ, ಪೊಲೀಸ್ ಆಗಬೇಕು ಅನ್ನುವವರೇ ಮೂರು ಮೂರು ಜನ ಬೈಕಿನಲ್ಲಿ ಶಾಲೆಗೆ ಬರುತ್ತಾರೆ. 2019ರ ತಿದ್ದುಪಡಿ ಪ್ರಕಾರ ಮಕ್ಕಳು ಬೈಕ್ ಓಡಿಸಿ ಸಿಕ್ಕಿಬಿದ್ದರೆ ಅಪ್ಪನಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಕೆಲಸ ಸಿಗುವ ಮೊದಲು ಪೊಲೀಸ್ ಪರಿಶೀಲನೆ ಇರುತ್ತದೆ ಅನ್ನುವುದೂ ನೆನಪಿರಲಿ. ಕೇಸಿನಲ್ಲಿ ಹೆಸರಿದ್ದರೆ ಅಲ್ಲೇ ಎಡವಿದಂತೆ.

ಹೆಜ್ಜೆ 8: ಕಾಗದ ಪತ್ರ

ನನ್ನ ಹಳೇ ವಿದ್ಯಾರ್ಥಿಯೊಬ್ಬ 1600 ಮೀಟರನ್ನು 6 ನಿಮಿಷದ ಒಳಗೆ ಓಡುತ್ತಿದ್ದ. ಲಿಖಿತ ಪರೀಕ್ಷೆಯೂ ಚೆನ್ನಾಗಿ ಆಗಿತ್ತು. ಅರ್ಜಿ ಹಾಕುವಾಗ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿ ಕೇಳಿದ್ದ. ದಾಖಲೆ ಪರಿಶೀಲನೆಯ ದಿನ ನೋಡಿದರೆ ಪ್ರಮಾಣಪತ್ರ ಸರಿಯಾದ ನಮೂನೆಯಲ್ಲಿ ಇರಲಿಲ್ಲ. ಓದಿದ ಪ್ರಾಥಮಿಕ ಶಾಲೆಗೆ ಓಡಿದ. ಅಲ್ಲಿನ ಮುಖ್ಯಶಿಕ್ಷಕರು ರಜೆ, ಹಳೇ ದಾಖಲಾತಿ ಪುಸ್ತಕ ಯಾವ ಬೀರುವಿನಲ್ಲಿದೆ ಅಂತ ಉಳಿದವರಿಗೆ ಗೊತ್ತಿಲ್ಲ. ಕೊಟ್ಟ ಗಡುವು ಮುಗಿಯಿತು. ಅವನನ್ನು ಆ ಮೀಸಲಾತಿಗೆ ಪರಿಗಣಿಸಲಿಲ್ಲ. ಅಂದಿನಿಂದ 10ನೇ ತರಗತಿ ಮಕ್ಕಳಿಗೆ ನಾನು ಇದೊಂದನ್ನು ಪಾಠಕ್ಕಿಂತ ಜಾಸ್ತಿ ಹೇಳುತ್ತೇನೆ.

ನಮ್ಮ ರಾಜ್ಯದಲ್ಲಿ 1ರಿಂದ 10ನೇ ತರಗತಿವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ, ಆ 10 ವರ್ಷ ಕನ್ನಡದಲ್ಲೇ ಓದಿದವರಿಗೆ ಕನ್ನಡ ಮಾಧ್ಯಮದ ಮೀಸಲಾತಿ ಇದೆ. 5ನೇ ತರಗತಿಯವರೆಗೆ ಒಂದು ಶಾಲೆ, 7ರವರೆಗೆ ಇನ್ನೊಂದು, ಹೈಸ್ಕೂಲು ಮತ್ತೊಂದು ಆಗಿದ್ದರೆ ಮೂರೂ ಶಾಲೆಯಿಂದ ಬರೆಸಿಕೊಳ್ಳಬೇಕು. ಗ್ರಾಮೀಣ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕು. ನಿಗದಿತ ನಮೂನೆ ನೇಮಕಾತಿ ಅಧಿಸೂಚನೆಯ ಕೊನೆಯ ಪುಟಗಳಲ್ಲಿ ಇರುತ್ತದೆ. ಯಾವುದಾದರೂ ಹಳೇ ಅಧಿಸೂಚನೆಯಿಂದ ಇಳಿಸಿಕೊಂಡು ಬರೆಸಿಟ್ಟುಕೊಳ್ಳಿ. ಹೊಸದರಲ್ಲಿ ನಮೂನೆ ಬದಲಾದರೂ, ಒಮ್ಮೆ ದಾಖಲೆ ಹುಡುಕಿಸಿದ್ದರೆ ಎರಡನೇ ಸಲ ಬರೆಸುವುದು ಅರ್ಧ ಗಂಟೆಯ ಕೆಲಸ.

ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ. ಅದರ ಅವಧಿ ನೋಡಿಕೊಳ್ಳಿ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರಿಗೆ 371(ಜೆ) (ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನ ಕೊಟ್ಟ ವಿಶೇಷ ಮೀಸಲಾತಿ) ಅರ್ಹತಾ ಪತ್ರ ಬೇರೆ ಇದೆ. ಅದು ಉಪವಿಭಾಗಾಧಿಕಾರಿ ಕಚೇರಿಯಿಂದ ಬರಬೇಕು, ಸಮಯ ಹಿಡಿಯುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಕೈಗೆ ಬಂದ ದಿನವೇ ಹೆಸರಿನ ಕಾಗುಣಿತ, ಇನಿಷಿಯಲ್, ಹುಟ್ಟಿದ ದಿನಾಂಕ ಮೂರನ್ನೂ ಆಧಾರ್ ಜೊತೆ ಹೋಲಿಸಿ. ವ್ಯತ್ಯಾಸ ಕಂಡರೆ ಅವತ್ತೇ ಶಾಲೆಗೆ ಹೇಳಿ.

'ಇಷ್ಟು ಲಕ್ಷ ಕೊಡಿ, ಕೆಲಸ ಗ್ಯಾರಂಟಿ' ಅನ್ನುವವರು ಪ್ರತಿ ನೇಮಕಾತಿಗೂ ಹುಟ್ಟಿಕೊಳ್ಳುತ್ತಾರೆ. 2021ರ ಅಕ್ಟೋಬರ್‌ನಲ್ಲಿ ನಡೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಅಕ್ರಮದಿಂದ ರದ್ದಾಗಿ, 2024ರ ಜನವರಿಯಲ್ಲಿ ಮತ್ತೆ ನಡೆಯಿತು. ನಡುವಿನ 2 ವರ್ಷಕ್ಕೂ ಹೆಚ್ಚು ಕಾಲ ಪ್ರಾಮಾಣಿಕವಾಗಿ ಬರೆದವರೂ ಕಾಯಬೇಕಾಯಿತು. ಅಧಿಸೂಚನೆಯನ್ನು ಇಲಾಖೆಯ ಅಥವಾ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲೇ ಓದಿ. ವಾಟ್ಸಾಪ್‌ನಲ್ಲಿ ಬಂದದ್ದನ್ನು ನಂಬಿ ದುಡ್ಡು ಕಟ್ಟಬೇಡಿ. ವಯಸ್ಸು, ಎತ್ತರ, ಅಂಕದ ನಿಯಮಗಳು ಒಮ್ಮೊಮ್ಮೆ ಬದಲಾಗುತ್ತವೆ, ಕೊನೆಯ ಮಾತು ಅಧಿಸೂಚನೆಯದ್ದೇ.

ಒಂದು ಪ್ಲಾಸ್ಟಿಕ್ ಫೈಲ್ ತನ್ನಿ. ಎಲ್ಲಾ ಮೂಲ ಪ್ರತಿ ಒಂದು ಕವರಿನಲ್ಲಿ, ಎರಡೆರಡು ಜೆರಾಕ್ಸ್ ಇನ್ನೊಂದರಲ್ಲಿ. ನಮ್ಮ ಶಾಲೆಯಲ್ಲಿ ಗ್ರಾಮೀಣ, ಕನ್ನಡ ಮಾಧ್ಯಮದ ನಮೂನೆಗಳನ್ನು ಏಪ್ರಿಲ್‌ನಲ್ಲಿ ಟಿಸಿ ಜೊತೆಗೇ ಬರೆದು ಕೊಡಲು ಶುರು ಮಾಡಿದ್ದೇವೆ. ನಿಮ್ಮ ಶಾಲೆಯಲ್ಲಿ ಕೊಡದಿದ್ದರೆ ಟಿಸಿ ತೆಗೆದುಕೊಳ್ಳಲು ಹೋದಾಗ ಖಾಲಿ ನಮೂನೆ ಕೈಯಲ್ಲೇ ಹಿಡಿದುಕೊಂಡು ಹೋಗಿ.